ಪೆಟ್ಟಿಗೆ ನಮ್ಮದು, ಸಿನಿಮಾ ಯಾರದು?

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟು ಉದ್ದ ಬರೀತಾ ಇರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ನಮ್ಮ ಎಡಿಟರ್ ಅಕ್ಕ ತಿದ್ದಿರುತ್ತಾರೆ. ಅವರ ಕಣ್ಣಿಗೂ ಬೀಳದೆ ಉಳಿದಿದ್ದರೆ ಅದು ನನ್ನದೇ ತಪ್ಪು, ಹೊಟ್ಟೆಗೆ ಹಾಕಿಕೊಳ್ಳಿ.

ಈ ಲೇಖನಕ್ಕೆ ಕಾರಣ ಒಂದು ಪಿಡಿಎಫ್. ಮೊದಲ ವರ್ಷದ ಕೊನೆಯಲ್ಲಿ ನಾವು ನಾಲ್ಕು ಜನ ಸೇರಿ 14 ನಿಮಿಷದ ಒಂದು ಕಿರುಚಿತ್ರ ಮಾಡಿದ್ವಿ. ಹಾಸ್ಟೆಲ್ ವಾಟರ್ ಟ್ಯಾಂಕ್ ಹತ್ತಿರ ಶೂಟಿಂಗ್, ಒಂದು ಬಾಡಿಗೆ ಕ್ಯಾಮೆರಾ, ಎಡಿಟಿಂಗ್ ಮಾಡುವಾಗ ಎರಡು ಸಲ ಹ್ಯಾಂಗ್ ಆದ ಲ್ಯಾಪ್‌ಟಾಪ್. ಒಂದು ಆನ್‌ಲೈನ್ ಚಾನೆಲ್‌ನವರು ನೋಡಿ ಇಷ್ಟಪಟ್ಟರು, ಆರು ಪುಟದ ಒಪ್ಪಂದ ಕಳಿಸಿದರು. ನಾವು ಕ್ಯಾಂಟೀನಲ್ಲಿ ಕೂತು ಮೊಬೈಲಲ್ಲೇ ಸಹಿ ಹಾಕಿ ವಾಪಸ್ ಕಳಿಸಿದ್ವಿ. ಆ ಖುಷಿಗೆ ಎಲ್ಲರಿಗೂ ಒಂದೊಂದು ಮಸಾಲೆ ಪುರಿ. ಆಮೇಲೆ ನವೆಂಬರಲ್ಲಿ ಕ್ಲಬ್‌ನ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಅದನ್ನ ತೋರಿಸೋಣ ಅಂತ ಒಂದು ಮಾತು ತಿಳಿಸಿದ್ವಿ ನೋಡಿ, ಉತ್ತರ ಬಂತು: ಅನುಮತಿ ಇಲ್ಲ, ನಾಲ್ಕನೇ ಪುಟ ಓದಿ.

ನಾಲ್ಕನೇ ಪುಟದಲ್ಲಿ ಏನಿತ್ತು ಅಂದ್ರೆ: ಈಗ ಇರುವ, ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಇಡೀ ಜಗತ್ತಿನಲ್ಲಿ, 7 ವರ್ಷ, ಪ್ರದರ್ಶನದ ಹಕ್ಕು ಅವರದು. ಮಾಧ್ಯಮಗಳ ಪಟ್ಟಿಯಲ್ಲಿ 'ವಿಡಿಯೊ ಕ್ಯಾಸೆಟ್' ಅಂತಲೂ ಇತ್ತು! ನಮ್ಮ ಬ್ಯಾಚಲ್ಲಿ ಕ್ಯಾಸೆಟ್ ಕೈಯಲ್ಲಿ ಹಿಡಿದವರು ಎಷ್ಟು ಜನ ಇದ್ದಾರೋ. ಮೊದಲು ನಗು ಬಂತು, ಆಮೇಲೆ ಈ ಪದ ಇನ್ನೂ ಯಾಕೆ ಇಲ್ಲಿದೆ ಅಂತ ಹುಡುಕೋಕೆ ಶುರು ಮಾಡಿದೆ. ಹುಡುಕ್ತಾ ಹುಡುಕ್ತಾ ಸಿಕ್ಕಿದ್ದು ವೆಸ್ಟ್ರಾನ್ ಅನ್ನೋ ಅಮೆರಿಕದ ಕಂಪನಿ. ಹತ್ತು ವರ್ಷದಲ್ಲಿ ಹುಟ್ಟಿ, ಬೆಳೆದು, ಒಂದು ದೊಡ್ಡ ಹಿಟ್ ಕೊಟ್ಟು, ಮುಚ್ಚಿ ಹೋದ ಕಂಪನಿ. ಅದರ ಕತೆ ತಿಳಿದ ಮೇಲೆ ನಮ್ಮ ನಾಲ್ಕನೇ ಪುಟ ನನಗೆ ಅರ್ಥ ಆಯ್ತು. ಸ್ವಲ್ಪ ತಡವಾಗಿ.

ಕ್ಯಾಸೆಟ್ ಅಂದ್ರೆ ಏನು, ಬೇಗ ನೋಡೋಣ

ನಮ್ಮಪ್ಪ ಹೇಳ್ತಾರೆ, ಅವರು ಹುಡುಗರಾಗಿದ್ದಾಗ ಬೀದಿಯವರೆಲ್ಲ ಚಂದಾ ಎತ್ತಿ ವಿಸಿಪಿ, ಕಲರ್ ಟಿವಿ ಎರಡನ್ನೂ ಒಂದು ರಾತ್ರಿಗೆ ಬಾಡಿಗೆಗೆ ತರ್ತಿದ್ರಂತೆ. ಬಾಡಿಗೆ ವಸೂಲಾಗಬೇಕಲ್ಲ, ಹಾಗಾಗಿ ಬೆಳಗಿನ ಜಾವದ ತನಕ ಮೂರು ಸಿನಿಮಾ. ಮೂರನೇ ಸಿನಿಮಾ ಅಪ್ಪ ಇವತ್ತಿಗೂ ಪೂರ್ತಿ ನೋಡಿಲ್ಲ, ನಿದ್ದೆ ಬಂದುಬಿಡ್ತಿತ್ತಂತೆ.

ಆ ವಿಎಚ್‌ಎಸ್ ಕ್ಯಾಸೆಟ್ಟು ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ತಂದಿದ್ದು. ನಮ್ಮ ಲ್ಯಾಬ್ ಭಾಷೆಯಲ್ಲಿ ಹೇಳೋದಾದ್ರೆ ಸಮಸ್ಯೆ ಇದು: ವಿಡಿಯೊ ಸಿಗ್ನಲ್ಲಿನ ಬ್ಯಾಂಡ್‌ವಿಡ್ತ್ ಆಡಿಯೊಗಿಂತ ತುಂಬಾ ಜಾಸ್ತಿ, ಅದನ್ನ ಟೇಪಲ್ಲಿ ಬರೀಬೇಕಾದ್ರೆ ಟೇಪು ಹೆಡ್ ಮುಂದೆ ಭಯಂಕರ ವೇಗದಲ್ಲಿ ಓಡಬೇಕು. ಹಾಗೆ ಓಡಿಸಿದ್ರೆ ಒಂದು ಸಿನಿಮಾಗೆ ಕಿಲೋಮೀಟರ್‌ಗಟ್ಟಲೆ ಟೇಪು ಬೇಕು. ಅದಕ್ಕೆ ಉಪಾಯ, ಟೇಪನ್ನ ನಿಧಾನವಾಗಿ ಬಿಟ್ಟು ಹೆಡ್ಡನ್ನೇ ತಿರುಗಿಸೋದು. ಅಮೆರಿಕದ ಎನ್‌ಟಿಎಸ್‌ಸಿ ಯಂತ್ರದಲ್ಲಿ 62 ಮಿಲಿಮೀಟರ್ ವ್ಯಾಸದ ಡ್ರಮ್ಮು ನಿಮಿಷಕ್ಕೆ 1800 ಸುತ್ತು ತಿರುಗುತ್ತೆ. ಲೆಕ್ಕ ಹಾಕಿ, ಸೆಕೆಂಡಿಗೆ ಸುಮಾರು 5.8 ಮೀಟರ್. ಟೇಪು ಮಾತ್ರ ಸೆಕೆಂಡಿಗೆ 3.3 ಸೆಂಟಿಮೀಟರ್ ಅಷ್ಟೇ ಸಾಗುತ್ತೆ. ಹೆಡ್ಡು ಟೇಪಿನ ಮೇಲೆ ಓರೆಯಾಗಿ ಗೆರೆ ಗೆರೆ ಎಳೀತಾ ಹೋಗುತ್ತೆ. ಹೀಗಾಗಿ 240 ಮೀಟರ್ ಚಿಲ್ಲರೆ ಟೇಪಲ್ಲಿ ಎರಡು ಗಂಟೆ. ಅಂದ್ರೆ ಒಂದು ಕ್ಯಾಸೆಟ್ಟಿಗೆ ಒಂದು ಪೂರ್ತಿ ಸಿನಿಮಾ. ಸೋನಿಯವರ ಬೀಟಾಮ್ಯಾಕ್ಸ್ ಶುರುವಲ್ಲಿ ಒಂದೇ ಗಂಟೆ ಹಿಡೀತಿತ್ತು. ಎರಡರ ಜಗಳ ಎಲ್ಲರಿಗೂ ಗೊತ್ತಿರೋದೇ, ಅಲ್ಲಿ ನಿಲ್ಲೋದು ಬೇಡ.

ಯಂತ್ರ ಬಂತು, ಅದರೊಳಗೆ ಹಾಕೋಕೆ ಸಿನಿಮಾ? ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳಿಗೆ ಈ ಪೆಟ್ಟಿಗೆ ಕಂಡರೆ ಆಗ್ತಿರಲಿಲ್ಲ. ಯೂನಿವರ್ಸಲ್ ಮತ್ತು ಡಿಸ್ನಿ ಸೇರಿಕೊಂಡು ಸೋನಿ ಮೇಲೆ ಕೇಸನ್ನೇ ಹಾಕಿದ್ವು. ಮನೆಯಲ್ಲಿ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಂಡು ಆಮೇಲೆ ನೋಡೋದು ಅಪರಾಧ ಅಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1984ರ ಜನವರಿಯಲ್ಲಿ 5–4ರ ತೀರ್ಪು ಕೊಡೋ ತನಕ ಆ ಕೇಸ್ ಎಳೀತು. ಈ ನಡುವೆ 1977ರಲ್ಲಿ ಮಿಶಿಗನ್ ರಾಜ್ಯದ ಆಂಡ್ರೆ ಬ್ಲೇ ಎಂಬುವರು ಫಾಕ್ಸ್ ಸ್ಟುಡಿಯೋಗೆ ಪತ್ರ ಬರೆದು 50 ಹಳೇ ಸಿನಿಮಾಗಳ ಕ್ಯಾಸೆಟ್ ಹಕ್ಕು ತಗೊಂಡರು. ಅದೇ ವರ್ಷ ಲಾಸ್ ಏಂಜಲಿಸ್‌ನಲ್ಲಿ ಜಾರ್ಜ್ ಆಟ್ಕಿನ್ಸನ್ ಎಂಬುವರು ಆ 50 ಕ್ಯಾಸೆಟ್ಟುಗಳನ್ನೇ ಕೊಂಡು ಬಾಡಿಗೆ ಅಂಗಡಿ ಇಟ್ಟರು.

ಇಲ್ಲಿ ಒಂದು ಕಾನೂನಿನ ಸೂಕ್ಷ್ಮ ಇದೆ, ಮುಂದಿನ ಕತೆಯೆಲ್ಲ ಇದರ ಮೇಲೆ ನಿಂತಿದೆ. ಅಮೆರಿಕದಲ್ಲಿ ನೀವು ಒಂದು ಕ್ಯಾಸೆಟ್ ದುಡ್ಡು ಕೊಟ್ಟು ಕೊಂಡರೆ, ಆ ಕ್ಯಾಸೆಟ್ಟು ನಿಮ್ಮದು. ಕಾಪಿ ಮಾಡೋ ಹಾಗಿಲ್ಲ, ಆದ್ರೆ ಅದೇ ಕ್ಯಾಸೆಟ್ಟನ್ನ ಮಾರಬಹುದು, ಬಾಡಿಗೆಗೆ ಕೊಡಬಹುದು. ಸಿನಿಮಾದವನಿಗೆ ಸಿಗೋದು ಮೊದಲ ಮಾರಾಟದ ದುಡ್ಡು ಅಷ್ಟೇ. ನೂರು ಸಲ ಬಾಡಿಗೆಗೆ ಹೋದ್ರೂ ಅವನಿಗೆ ಒಂದು ಪೈಸೆ ಬರಲ್ಲ. (ನಮ್ಮಲ್ಲಿ ಹಾಗಲ್ಲ. ಸಿನಿಮಾದ ಪ್ರತಿಯನ್ನ ವ್ಯಾಪಾರಕ್ಕೆ ಬಾಡಿಗೆ ಕೊಡುವ ಹಕ್ಕು ನಮ್ಮ ಕಾಪಿರೈಟ್ ಕಾಯಿದೆ ಪ್ರಕಾರ ಹಕ್ಕುದಾರನದೇ. ಅಪ್ಪನ ಬೀದಿಯಲ್ಲಿ ಇದನ್ನ ಯಾರಾದ್ರೂ ಕೇಳಿದ್ರಾ ಅಂತ ನೀವು ಕೇಳಬೇಡಿ.) ಹಾಗಾಗಿ ಅಲ್ಲಿ ಕ್ಯಾಸೆಟ್ ರೇಟೇ ಜಾಸ್ತಿ ಇಟ್ಟರು, ಒಂದಕ್ಕೆ 80 ಡಾಲರ್ ಹತ್ತಿರ. ಮನೆಯವರು ಕೊಳ್ಳಲ್ಲ, ಅಂಗಡಿಯವನು ಕೊಳ್ತಾನೆ. ಲೆಕ್ಕಕ್ಕೆ ಅಂಗಡಿಯವನಿಗೆ ಅದು 50 ಡಾಲರಿಗೆ ಸಿಕ್ಕಿತು, ದಿನಕ್ಕೆ 2 ಡಾಲರ್ ಬಾಡಿಗೆ ಅಂತ ಇಟ್ಕೊಳ್ಳಿ. 25 ಸಲ ಹೋದ್ರೆ ಅಸಲು ಬಂತು, 26ನೇ ಸಲದಿಂದ ಲಾಭ. ಊರೂರಲ್ಲಿ ಅಂಗಡಿ ಎದ್ದವು. ಎಲ್ಲರಿಗೂ ಕಪಾಟು ತುಂಬಿಸೋಕೆ ಸಿನಿಮಾ ಬೇಕು, ಯಾವುದಾದ್ರೂ ಸರಿ.

ಯಾರಿಗೂ ಬೇಡವಾದದ್ದು

ಆಸ್ಟಿನ್ ಫರ್ಸ್ಟ್ ಅನ್ನೋರು ಎಚ್‌ಬಿಓದಲ್ಲಿ ಕೆಲಸ ಮಾಡಿದ್ದವರು. ಎಚ್‌ಬಿಓ ಆಗ ಟೈಮ್ ಪತ್ರಿಕೆ ನಡೆಸುವ ಟೈಮ್ ಇಂಕ್ ಕೈಯಲ್ಲಿತ್ತು. ಅದೇ ಟೈಮ್ ಇಂಕ್‌ನ ಇನ್ನೊಂದು ಅಂಗ ಟೈಮ್-ಲೈಫ್ ಫಿಲ್ಮ್ಸ್ ನಷ್ಟದಲ್ಲಿತ್ತು. ಅದನ್ನ ಮುಚ್ಚಿ ಆಸ್ತಿಗಳನ್ನ ಮಾರೋ ಕೆಲಸ ಫರ್ಸ್ಟ್ ಅವರ ತಲೆಗೆ ಬಂತು. ಒಂದೊಂದೇ ಮಾರಿದರು. ಕೊನೆಗೆ ಉಳಿದದ್ದು ಆ ಸಿನಿಮಾಗಳ ಹೋಮ್ ವಿಡಿಯೊ ಹಕ್ಕು. ಕೊಳ್ಳೋರಿಲ್ಲ. ಹಾಗಾದ್ರೆ ನಾನೇ ತಗೋತೀನಿ ಅಂತ ಫರ್ಸ್ಟ್ ತಾವೇ ಕೊಂಡುಬಿಟ್ಟರು.

1981ರಲ್ಲಿ ಕನೆಕ್ಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್ ಊರಲ್ಲಿ ವೆಸ್ಟ್ರಾನ್ ಶುರುವಾಯ್ತು. ಹೆಸರು ಸೂಚಿಸಿದ್ದು ಅವರ ಮಗಳಂತೆ. ವೆಸ್ಟಾ ಅಂದ್ರೆ ರೋಮನ್ನರ ಒಲೆಯ ದೇವತೆ, ಟ್ರಾನ್ ಅಂದ್ರೆ ಗ್ರೀಕಿನಲ್ಲಿ ಉಪಕರಣ. ಮನೆ ಒಲೆಯ ಹತ್ತಿರ ಇಡೋ ಯಂತ್ರ ಅಂತ ಅರ್ಥ ಮಾಡ್ಕೊಳ್ಳಿ. ಮೊದಲ ಸರಕಿನಲ್ಲಿ ಪಾಲ್ ನ್ಯೂಮನ್ ನಟಿಸಿದ 'ಫೋರ್ಟ್ ಅಪಾಚಿ, ದ ಬ್ರಾಂಕ್ಸ್' ತರದ ಸಿನಿಮಾಗಳಿದ್ದವು.

ನನಗೆ ಇಲ್ಲಿ ಇಷ್ಟವಾಗೋದು ಒಂದು ಸಣ್ಣ ವಿಷಯ. ಫರ್ಸ್ಟ್ ಏನನ್ನೂ ಕಂಡುಹಿಡಿಯಲಿಲ್ಲ. ಕ್ಯಾಮೆರಾ ಅವರದಲ್ಲ, ಸಿನಿಮಾ ಅವರದಲ್ಲ, ಕ್ಯಾಸೆಟ್ ಟೆಕ್ನಾಲಜಿ ಅವರದಲ್ಲ. ಒಂದೇ ಸಿನಿಮಾದಲ್ಲಿ ಹಲವು ಹಕ್ಕುಗಳಿರುತ್ತವೆ, ಥಿಯೇಟರ್ ಒಂದು, ಟಿವಿ ಒಂದು, ಕ್ಯಾಸೆಟ್ ಒಂದು, ಹಾಡು ಬೇರೆ. ಹಲಸಿನ ಹಣ್ಣಿನ ತೊಳೆ ಬಿಡಿಸಿದ ಹಾಗೆ ಅವನ್ನ ಬಿಡಿಸಿ ಮಾರಬಹುದು ಅಂತ ಗೊತ್ತಿದ್ದೂ, ಕ್ಯಾಸೆಟ್ ಅನ್ನೋ ತೊಳೆಗೆ ಬೆಲೆ ಇದೆ ಅಂತ ದೊಡ್ಡವರಿಗೆ ಅನ್ನಿಸಲಿಲ್ಲ. ಇವರಿಗೆ ಅನ್ನಿಸಿತು.

ಆಮೇಲಿನ ಎರಡು ಮೂರು ವರ್ಷ ವೆಸ್ಟ್ರಾನ್ ಸಣ್ಣ ನಿರ್ಮಾಪಕರ ಮನೆ ಬಾಗಿಲಿಗೆ ಹೋಗಿ ಕ್ಯಾಸೆಟ್ ಹಕ್ಕು ಕೊಳ್ಳೋದೇ ಕೆಲಸ ಮಾಡಿಕೊಂಡಿತು. ಹಾರರ್, ಹೊಡೆದಾಟ, ಮಕ್ಕಳ ಕಾರ್ಟೂನ್, ನ್ಯಾಷನಲ್ ಜಿಯೊಗ್ರಾಫಿಕ್ ಸಾಕ್ಷ್ಯಚಿತ್ರ. ಬರೀ ಸಿನಿಮಾ ಅಲ್ಲ, ಕ್ಯಾಸೆಟ್ಟಲ್ಲಿ ಏನು ಹಿಡಿಯುತ್ತೋ ಅದೆಲ್ಲ.

ಒಂದು ಉದಾಹರಣೆ ಹೇಳಲೇಬೇಕು. 1983ರಲ್ಲಿ ಮೈಕೇಲ್ ಜ್ಯಾಕ್ಸನ್ 'ಥ್ರಿಲ್ಲರ್' ಹಾಡಿಗೆ ಜಾನ್ ಲ್ಯಾಂಡಿಸ್ ನಿರ್ದೇಶನದಲ್ಲಿ ಸುಮಾರು 14 ನಿಮಿಷದ ಚಿತ್ರ ಮಾಡೋಕೆ ಹೊರಟರು. (ನಮ್ಮದೂ 14 ನಿಮಿಷ. ಹೋಲಿಕೆ ಅಲ್ಲಿಗೇ ಮುಗೀತು.) ಆಲ್ಬಮ್ ಆಗಲೇ ಚೆನ್ನಾಗಿ ಮಾರಾಟ ಆಗಿದೆ, ಇನ್ಯಾಕೆ ಇಷ್ಟು ಖರ್ಚು ಅಂತ ರೆಕಾರ್ಡ್ ಕಂಪನಿ ಕೈ ಹಿಂದೆಗೆಯಿತು. ಆಗ ಲ್ಯಾಂಡಿಸ್ ತಂಡ ಒಂದು ಐಡಿಯಾ ಮಾಡಿತು. ಹಾಡಿನ ಜೊತೆಗೆ ಅದನ್ನ ಹೇಗೆ ಮಾಡಿದ್ವಿ ಅನ್ನೋದನ್ನೂ ಶೂಟ್ ಮಾಡಿ, ಎರಡೂ ಸೇರಿಸಿ ಒಂದು ಗಂಟೆಯ ಕಾರ್ಯಕ್ರಮ ಮಾಡಿ, ಅದನ್ನ ಮುಂಚೆಯೇ ಮಾರಿಬಿಡೋದು. ಎಂಟಿವಿ, ಷೋಟೈಮ್ ಚಾನೆಲ್‌ಗಳು ಪ್ರಸಾರದ ಹಕ್ಕಿಗೆ ದುಡ್ಡು ಕೊಟ್ಟವು. ಕ್ಯಾಸೆಟ್ ಹಕ್ಕು ವೆಸ್ಟ್ರಾನ್ ತಗೊಂಡಿತು. 80 ಡಾಲರ್ ಅಲ್ಲ, 29.95 ಡಾಲರಿಗೆ ಮಾರಿದರು. ಈ ಸಲ ಅಂಗಡಿಯವರು ಮಾತ್ರ ಅಲ್ಲ, ಮನೆಯವರೇ ಕೊಂಡರು. ಲಕ್ಷಗಟ್ಟಲೆ ಹೋಯ್ತು. ಯೂಟ್ಯೂಬಲ್ಲಿ ನಾವು ಸುಮ್ಮನೆ ನೋಡೋ 'ಮೇಕಿಂಗ್' ವಿಡಿಯೊಗೆ ಜನ ದುಡ್ಡು ಕೊಟ್ಟು ಕ್ಯೂ ನಿಂತಿದ್ದರು!

ಇನ್ನೂ ತೆಗೆಯದ ಸಿನಿಮಾವನ್ನ ಮಾರೋದು

ಮೇಲಿನ ಉದಾಹರಣೆಯಲ್ಲಿ ಒಂದು ವಿಷಯ ಗಮನಿಸಿದ್ರಾ? ವಿಡಿಯೊ ತಯಾರಾಗೋ ಮೊದಲೇ ಹಕ್ಕು ಮಾರಾಟ ಆಗಿತ್ತು. 80ರ ದಶಕದಲ್ಲಿ ಸಣ್ಣ ಸಿನಿಮಾಗಳು ಹುಟ್ಟಿದ್ದೇ ಹೀಗೆ.

ನೀವು ಒಬ್ಬ ಸಣ್ಣ ನಿರ್ಮಾಪಕ ಅಂದ್ಕೊಳ್ಳಿ. ಕೈಯಲ್ಲಿ ಸ್ಕ್ರಿಪ್ಟ್ ಇದೆ, ದುಡ್ಡಿಲ್ಲ. ವೆಸ್ಟ್ರಾನ್ ಹತ್ತಿರ ಹೋಗ್ತೀರಿ. ಸಿನಿಮಾ ಮುಗಿಸಿ ಕೊಟ್ಟ ದಿನ ಕ್ಯಾಸೆಟ್ ಹಕ್ಕಿಗೆ ಇಂತಿಷ್ಟು ಕೊಡ್ತೀವಿ ಅಂತ ಅವರು ಬರೆದುಕೊಡ್ತಾರೆ. ನೀವು ಆ ಕಾಗದ ತಗೊಂಡು ಬ್ಯಾಂಕಿಗೆ ಹೋಗ್ತೀರಿ. ಬ್ಯಾಂಕಿನವರಿಗೆ ನಿಮ್ಮ ಮೇಲೆ ನಂಬಿಕೆ ಇಲ್ಲ, ವೆಸ್ಟ್ರಾನ್ ಸಹಿ ಮೇಲೆ ಇದೆ. ಸಾಲ ಕೊಡ್ತಾರೆ. ಸಾಲದಲ್ಲಿ ಸಿನಿಮಾ ತೆಗೀತೀರಿ, ತಂದುಕೊಡ್ತೀರಿ, ಬಂದ ದುಡ್ಡಲ್ಲಿ ಸಾಲ ತೀರಿಸ್ತೀರಿ. ಥಿಯೇಟರ್ ಹಕ್ಕು, ವಿದೇಶದ ಹಕ್ಕು ನಿಮ್ಮ ಹತ್ತಿರ ಉಳಿದಿದ್ದರೆ ಅದು ಲಾಭ. ಕ್ಯಾಸೆಟ್ ಅನ್ನೋದು ಹಳೇ ಸಿನಿಮಾ ಮಾರೋ ದಾರಿ ಅಷ್ಟೇ ಆಗಿ ಉಳಿಯಲಿಲ್ಲ, ಹೊಸ ಸಿನಿಮಾಗೆ ಬಂಡವಾಳ ಆಯ್ತು. ಸ್ಟುಡಿಯೋಗಳ ಗೇಟ್ ದಾಟೋಕಾಗದ ಎಷ್ಟೋ ಜನ ಈ ದಾರಿಯಲ್ಲಿ ನಿರ್ದೇಶಕರಾದರು. ಅವರು ತೆಗೆದಿದ್ದರಲ್ಲಿ ಕಸವೂ ಬೇಕಾದಷ್ಟಿತ್ತು, ಅದನ್ನೂ ಹೇಳಬೇಕು.

1985ರಲ್ಲಿ ವೆಸ್ಟ್ರಾನ್ ಷೇರು ಮಾರುಕಟ್ಟೆಗೆ ಬಂತು. ನಮ್ಮ ಇ-ಸೆಲ್ ಭಾಷಣಗಳಲ್ಲಾದ್ರೆ ಕತೆ ಇಲ್ಲಿಗೆ ಮುಗಿದು ಚಪ್ಪಾಳೆ ಬೀಳುತ್ತೆ.

ಆದರೆ ಅಷ್ಟರಲ್ಲಿ ದೊಡ್ಡವರು ಎದ್ದಿದ್ದರು. ಕ್ಯಾಸೆಟ್ಟಿಂದ ಬರೋ ದುಡ್ಡು ಎಷ್ಟು ಅಂತ ಸ್ಟುಡಿಯೋಗಳಿಗೆ ಗೊತ್ತಾದ ಮೇಲೆ ಹಕ್ಕು ಹೊರಗೆ ಮಾರೋದನ್ನ ನಿಲ್ಲಿಸಿ, ತಮ್ಮದೇ ವಿಡಿಯೊ ವಿಭಾಗ ಮಾಡಿಕೊಂಡವು. ಸಣ್ಣ ನಿರ್ಮಾಪಕರ ಒಳ್ಳೇ ಸಿನಿಮಾಗಳಿಗೂ ಪೈಪೋಟಿ ಶುರುವಾಯ್ತು. ಇದು ಎಷ್ಟು ಕೆಟ್ಟದಾಗಬಹುದು ಅನ್ನೋಕೆ 'ಪ್ಲಟೂನ್' ಸಾಕ್ಷಿ. ಆಲಿವರ್ ಸ್ಟೋನ್ ಅವರ ಈ ವಿಯೆಟ್ನಾಂ ಯುದ್ಧದ ಸಿನಿಮಾ ನಿರ್ಮಿಸಿದ್ದು ಹೆಮ್‌ಡೇಲ್ ಕಂಪನಿ. ಕ್ಯಾಸೆಟ್ ಹಕ್ಕಿಗೆ ವೆಸ್ಟ್ರಾನ್ ಜೊತೆ ಒಪ್ಪಂದ ಆಗಿತ್ತು. ಸಿನಿಮಾ ದೊಡ್ಡ ಹಿಟ್ ಆಗಿ, 1987ರಲ್ಲಿ ಅತ್ಯುತ್ತಮ ಚಿತ್ರ ಅಂತ ಆಸ್ಕರ್ ಬೇರೆ ಬಂತು. ಹೆಮ್‌ಡೇಲ್ ಒಪ್ಪಂದ ಮುರಿದುಬಿತ್ತು ಅಂತ ಹೇಳಿ ಹಕ್ಕನ್ನ ಎಚ್‌ಬಿಓ ವಿಡಿಯೊಗೆ ಕೊಟ್ಟಿತು. ಕೋರ್ಟು, ತಡೆಯಾಜ್ಞೆ, ರಾಜಿ. ಕ್ಯಾಸೆಟ್ ಎಚ್‌ಬಿಓ ಕಡೆಯಿಂದ ಹೊರಗೆ ಬಂದಾಗ 1988 ಆಗಿತ್ತು. ಫರ್ಸ್ಟ್ ಹಿಂದೆ ಕೆಲಸ ಮಾಡಿದ್ದ ಎಚ್‌ಬಿಓನೇ ಎದುರಾಳಿ ಕಡೆ ನಿಂತಿತ್ತು, ಅದೊಂದು ವಿಚಿತ್ರ.

ಅಂದ್ರೆ ವೆಸ್ಟ್ರಾನ್ ಹತ್ತಿರ ಪೆಟ್ಟಿಗೆ ಇತ್ತು, ಪೆಟ್ಟಿಗೆಯೊಳಗೆ ಹಾಕೋದು ಯಾವತ್ತೂ ಬೇರೆಯವರ ಕೈಯಲ್ಲಿತ್ತು. ಇದಕ್ಕೆ ಪರಿಹಾರ ಅಂತ 1986ರಲ್ಲಿ ವೆಸ್ಟ್ರಾನ್ ಪಿಕ್ಚರ್ಸ್ ಶುರು ಮಾಡಿದರು. ನಾವೇ ಸಿನಿಮಾ ತೆಗೆಯೋಣ.

ಎಲೆಗೆ ಹಸಿರು ಬಣ್ಣ

ಎಲಿನೋರ್ ಬರ್ಗ್‌ಸ್ಟೀನ್ ಬರೆದ ಒಂದು ಸ್ಕ್ರಿಪ್ಟ್ ಹಾಲಿವುಡ್ ಸುತ್ತಿ ಸುತ್ತಿ ಸಾಕಾಗಿತ್ತು. 1963ರ ಬೇಸಿಗೆ ರಜೆ, ರೆಸಾರ್ಟಿಗೆ ಬಂದ ಡಾಕ್ಟರ್ ಮಗಳು, ಅಲ್ಲಿನ ಡ್ಯಾನ್ಸ್ ಮಾಸ್ಟರ್. ಎಂಜಿಎಂ ಸ್ಟುಡಿಯೋ ಮೊದಲು ತಗೊಂಡು ಆಮೇಲೆ ಕೈ ಬಿಟ್ಟಿತು. ವೆಸ್ಟ್ರಾನ್ ಹೂಂ ಅಂತು, ಆದ್ರೆ ಖರ್ಚು 50–60 ಲಕ್ಷ ಡಾಲರ್ ದಾಟಬಾರದು. ಆಗಿನ ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ನಿರ್ದೇಶಕ ಎಮಿಲ್ ಆರ್ಡೊಲಿನೊ ಅದಕ್ಕೆ ಮುಂಚೆ ಪೂರ್ಣಪ್ರಮಾಣದ ಕಥಾಚಿತ್ರ ಮಾಡಿರಲಿಲ್ಲ.

ಶೂಟಿಂಗ್ ನಡೆದಿದ್ದು 1986ರ ಸೆಪ್ಟೆಂಬರ್, ಅಕ್ಟೋಬರಲ್ಲಿ, ವರ್ಜೀನಿಯಾ ಮತ್ತು ನಾರ್ತ್ ಕೆರೊಲಿನಾದಲ್ಲಿ. ಕತೆ ಬೇಸಿಗೆಯದು, ಹೊರಗೆ ಎಲೆ ಉದುರೋ ಕಾಲ. ಕೆಂಪಾದ ಎಲೆಗಳಿಗೆ ಹಸಿರು ಸ್ಪ್ರೇ ಹೊಡೆದರಂತೆ. ಕೆರೆಯಲ್ಲಿ ನಿಂತು ನಾಯಕಿಯನ್ನ ಎತ್ತಿ ಹಿಡಿಯೋ ಆ ಪ್ರಸಿದ್ಧ ದೃಶ್ಯದಲ್ಲಿ ಒಂದೂ ಕ್ಲೋಸಪ್ ಇಲ್ಲ, ಗಮನಿಸಿ. ಚಳಿಗೆ ಇಬ್ಬರ ತುಟಿಯೂ ನೀಲಿ ಆಗಿತ್ತು. ವಾಟರ್ ಟ್ಯಾಂಕ್ ಮೇಲೆ ಮಳೆಯಲ್ಲಿ ಶೂಟ್ ಮಾಡಿದ ನಮಗೆ ಇದನ್ನ ಓದಿ ಸ್ವಲ್ಪ ಸಮಾಧಾನ ಆಯ್ತು.

ಸಿನಿಮಾ ಹೆಸರು 'ಡರ್ಟಿ ಡ್ಯಾನ್ಸಿಂಗ್'. ಮುಗಿದ ಮೇಲೆ ಕಂಪನಿಯೊಳಗೇ ಯಾರಿಗೂ ಧೈರ್ಯ ಇರಲಿಲ್ಲ. ಮೊದಲ ಪ್ರದರ್ಶನ ನೋಡಿದ ಒಬ್ಬ ನಿರ್ಮಾಪಕರು ನೆಗೆಟಿವ್ ಸುಟ್ಟು ವಿಮೆ ದುಡ್ಡು ತಗೊಳ್ಳಿ ಅಂದಿದ್ದರು ಅನ್ನೋ ಕತೆ ಈಗಲೂ ಓಡಾಡುತ್ತೆ. ಒಂದು ವಾರಾಂತ್ಯ ಥಿಯೇಟರಲ್ಲಿ ಓಡಿಸಿ ಸೀದಾ ಕ್ಯಾಸೆಟ್ ಬಿಡೋಣ ಅನ್ನೋದು ಪ್ಲಾನು. ಥಿಯೇಟರ್ ಅವರಿಗೆ ಕ್ಯಾಸೆಟ್ಟಿನ ಜಾಹೀರಾತು ಅಷ್ಟೇ ಆಗಿತ್ತು.

1987ರ ಆಗಸ್ಟ್ 21ಕ್ಕೆ ಬಿಡುಗಡೆ. ಅಮೆರಿಕದಲ್ಲೇ ಸುಮಾರು 6.3 ಕೋಟಿ ಡಾಲರ್, ಇಡೀ ಜಗತ್ತಲ್ಲಿ 21 ಕೋಟಿ ದಾಟಿತು. ಹಾಡಿಗೆ ಆಸ್ಕರ್. ಕ್ಯಾಸೆಟ್ಟು ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲ ಸಿನಿಮಾ ಅನ್ನಿಸಿಕೊಂಡಿತು. ಆದ್ರೆ ಹಾಡುಗಳ ಆಲ್ಬಮ್ ಬಂದಿದ್ದು ಆರ್‌ಸಿಎ ರೆಕಾರ್ಡ್ಸ್‌ನಿಂದ, ಅದು ಕೋಟಿಗಟ್ಟಲೆ ಮಾರಾಟವಾಯ್ತು. ತೊಳೆಯ ಲೆಕ್ಕ ನೆನಪಿದೆ ಅಲ್ವಾ? ಬೇರೆಯವರು ಬಿಟ್ಟ ತೊಳೆ ಹೆಕ್ಕಿ ಬೆಳೆದ ಕಂಪನಿಯ ಹಣ್ಣಿನಲ್ಲೂ ಒಂದು ತೊಳೆ ಬೇರೆಯವರ ತಟ್ಟೆಯಲ್ಲಿತ್ತು.

ಗೆದ್ದ ಮೇಲೆ

ಬಹಳ ಕಡೆ ಬರೀತಾರೆ, ಡರ್ಟಿ ಡ್ಯಾನ್ಸಿಂಗ್ ವೆಸ್ಟ್ರಾನನ್ನ ಎತ್ತಿತು, ಆಮೇಲೆ ಅದೃಷ್ಟ ಕೈಕೊಟ್ಟಿತು ಅಂತ. ನನಗೆ ಹಾಗನ್ನಿಸಲ್ಲ. ಆ ಸಿನಿಮಾನೇ ಅವರಿಗೆ ತಪ್ಪು ಪಾಠ ಕಲಿಸಿತು ಅನ್ನಿಸುತ್ತೆ. ಒಂದೇ ಒಂದು ರೀಡಿಂಗ್ ತಗೊಂಡು ಗ್ರಾಫ್ ಎಳೆದ ಹಾಗೆ. ಲ್ಯಾಬಲ್ಲಿ ನಾವು ಹಾಗೆ ಮಾಡಿದ್ರೆ ಮೇಡಂ ರೆಕಾರ್ಡ್ ವಾಪಸ್ ಎಸೀತಾರೆ.

ಸಾಲಾಗಿ ಸಿನಿಮಾ ಬಂದವು. ಕೆಲವು ನಿಜವಾಗಲೂ ಒಳ್ಳೆಯವು. ಜಾನ್ ಹ್ಯೂಸ್ಟನ್ ತಮ್ಮ ಕೊನೆಯ ಸಿನಿಮಾ 'ದ ಡೆಡ್' ಮಾಡಿದ್ದು ವೆಸ್ಟ್ರಾನ್‌ಗೆ, ಜೇಮ್ಸ್ ಜಾಯ್ಸ್ ಕತೆ ಆಧರಿಸಿ. ಗಾಲಿ ಕುರ್ಚಿಯಲ್ಲಿ ಕೂತು, ಆಮ್ಲಜನಕದ ಸಹಾಯದಲ್ಲಿ ನಿರ್ದೇಶಿಸಿದರು. ಅದು ತೆರೆಗೆ ಬರೋ ಮೊದಲೇ, 1987ರ ಆಗಸ್ಟಲ್ಲಿ ತೀರಿಕೊಂಡರು. ಕೆನ್ ರಸೆಲ್ 'ದ ಲೇರ್ ಆಫ್ ದ ವೈಟ್ ವರ್ಮ್' ಮಾಡಿದರು, ಬಿಳಿ ಹುಳದ ಗುಹೆ ಅಂತ ಹೆಸರಿರೋ ಆ ಸಿನಿಮಾ ಎಷ್ಟು ವಿಚಿತ್ರ ಅಂದ್ರೆ ನಾನು ಇಲ್ಲಿ ವಿವರಿಸೋಕೆ ಹೋಗಲ್ಲ. 'ವ್ಯಾಕ್ಸ್‌ವರ್ಕ್', 'ಪೇರೆಂಟ್ಸ್', 'ಅರ್ಥ್ ಗರ್ಲ್ಸ್ ಆರ್ ಈಸಿ'. ಇವತ್ತು ಇವಕ್ಕೆಲ್ಲ ಅಭಿಮಾನಿಗಳಿದ್ದಾರೆ. ಆಗ ಥಿಯೇಟರಲ್ಲಿ ದುಡ್ಡು ಬರಲಿಲ್ಲ.

ಕ್ಯಾಸೆಟ್ ಅಂಗಡಿಯೂ ಬದಲಾಗಿತ್ತು. ಮೊದಲು ಕಪಾಟು ಖಾಲಿ ಇದ್ದಾಗ ಅಂಗಡಿಯವನು ಯಾವ ಸಿನಿಮಾ ಬಂದ್ರೂ ಒಂದು ಪ್ರತಿ ಕೊಳ್ತಿದ್ದ. ಈಗ ಕಪಾಟು ತುಂಬಿದೆ. ದೊಡ್ಡ ಹಿಟ್ ಸಿನಿಮಾದ್ದು ಇಪ್ಪತ್ತು ಪ್ರತಿ ತಗೊಂಡು, ಸಣ್ಣ ಸಿನಿಮಾ ಬೇಡ ಅನ್ನೋಕೆ ಶುರು ಮಾಡಿದ. ವೆಸ್ಟ್ರಾನ್ ಇಡೀ ಲೆಕ್ಕ ನಿಂತಿದ್ದು ಆ ಒಂದೊಂದು ಪ್ರತಿ ಮೇಲೆ. ಒಂದು ಕಡೆ ನಿರ್ಮಾಣದ ಖರ್ಚು ಮುಂದೆ ಹೋಗ್ತಿದೆ, ಇನ್ನೊಂದು ಕಡೆ ಕೆಳಗಿನ ನೆಲ ಜಾರ್ತಿದೆ. ನಡುವೆ ಸೆಕ್ಯುರಿಟಿ ಪೆಸಿಫಿಕ್ ಅನ್ನೋ ಬ್ಯಾಂಕು ದೊಡ್ಡ ಸಾಲ ಕೊಡ್ತೀನಿ ಅಂದಿದ್ದು ಹಿಂದೆ ಸರಿಯಿತು. ವೆಸ್ಟ್ರಾನ್ ಬ್ಯಾಂಕಿನ ಮೇಲೆ ಕೇಸ್ ಹಾಕಿತು. ಕೇಸ್ ನಡೆಯೋ ಹೊತ್ತಿಗೆ ಸಂಬಳ ಕೊಡಬೇಕಲ್ಲ? 1989ರಲ್ಲಿ ಸಿನಿಮಾ ನಿರ್ಮಾಣ ನಿಲ್ಲಿಸಿ ಜನರನ್ನ ಮನೆಗೆ ಕಳಿಸಿದರು. ಕೈಯಲ್ಲಿದ್ದ 'ಲಿಟಲ್ ಮಾನ್‌ಸ್ಟರ್ಸ್' ಅನ್ನೋ ಮಕ್ಕಳ ಸಿನಿಮಾನ ತಾವೇ ಬಿಡೋಕಾಗದೆ ಎಂಜಿಎಂ/ಯುಎ ಕಡೆಯಿಂದ ಕೆಲವೇ ಥಿಯೇಟರ್‌ಗಳಲ್ಲಿ ಬಿಡಿಸಬೇಕಾಯ್ತು. ಡರ್ಟಿ ಡ್ಯಾನ್ಸಿಂಗ್ ಬೇಡ ಅಂದಿದ್ದ ಎಂಜಿಎಂ!

1991ರಲ್ಲಿ ಲೈವ್ ಎಂಟರ್‌ಟೈನ್‌ಮೆಂಟ್ ಅನ್ನೋ ಕಂಪನಿ ವೆಸ್ಟ್ರಾನನ್ನ ಕೊಂಡುಕೊಂಡಿತು, ಸುಮಾರು 2.7 ಕೋಟಿ ಡಾಲರಿಗೆ. ಒಂದು ಸಿನಿಮಾ ಅಮೆರಿಕದ ಥಿಯೇಟರಲ್ಲಿ ಗಳಿಸಿದ್ದರ ಅರ್ಧವೂ ಇಲ್ಲ. ಅವರು ಕೊಂಡಿದ್ದು ಆಫೀಸನ್ನಲ್ಲ, ನೂರಾರು ಸಿನಿಮಾಗಳ ಹಕ್ಕಿನ ಕಾಗದಗಳನ್ನ. ಲೈವ್ ಆಮೇಲೆ ಆರ್ಟಿಸನ್ ಆಯ್ತು, ಆರ್ಟಿಸನನ್ನ 2003ರಲ್ಲಿ ಲಯನ್ಸ್‌ಗೇಟ್ ನುಂಗಿತು. ಕಾಗದಗಳು ಕೈಯಿಂದ ಕೈಗೆ ಹೋದವು.

ನಾಲ್ಕನೇ ಪುಟಕ್ಕೆ ವಾಪಸ್

ಈಗ ನಮ್ಮ ಪಿಡಿಎಫ್. ಅದರಲ್ಲಿ ವಿಡಿಯೊ ಕ್ಯಾಸೆಟ್ ಅಂತ ಯಾಕಿತ್ತು ಅನ್ನೋದು ನಿಮಗೂ ಈಗ ಹೊಳೆದಿರಬೇಕು. ಹಳೇ ಒಪ್ಪಂದಗಳಲ್ಲಿ ಕ್ಯಾಸೆಟ್ ಅಂತ ಬರೆಯದೇ ಬಿಟ್ಟಿದ್ದರಿಂದ, ಬರೆದೂ ಸರಿಯಾಗಿ ಬರೆಯದೇ ಇದ್ದಿದ್ದರಿಂದ ಎಷ್ಟು ಜಗಳ ಆಯ್ತು ಅಂದ್ರೆ ವಕೀಲರು ಆಮೇಲೆ ಯಾವ ಪದವನ್ನೂ ಬಿಡಲ್ಲ. ಇದ್ದದ್ದಕ್ಕೆ ಸೇರಿಸ್ತಾ ಹೋಗ್ತಾರೆ, ತೆಗೆಯಲ್ಲ. ಜೊತೆಗೆ 'ಮುಂದೆ ಬರಬಹುದಾದ ಎಲ್ಲ ಮಾಧ್ಯಮ'. ಅಂದ್ರೆ ಟೈಮ್ ಇಂಕ್ ಮಾಡಿದ ತಪ್ಪು ನಾವು ಮಾಡಲ್ಲ, ಇನ್ನೂ ಹುಟ್ಟದ ತೊಳೆಯೂ ನಮಗೇ ಇರಲಿ ಅಂತ.

ನಮ್ಮ ದೇಶದ ಕಾಪಿರೈಟ್ ಕಾಯಿದೆ 1957ರದ್ದು. 2012ರಲ್ಲಿ ಅದಕ್ಕೆ ತಂದ ತಿದ್ದುಪಡಿಯಲ್ಲಿ 18ನೇ ಸೆಕ್ಷನ್‌ಗೆ ಒಂದು ಮಾತು ಸೇರಿಸಿದ್ದಾರೆ: ಹಕ್ಕು ಬರೆದುಕೊಟ್ಟ ಸಮಯದಲ್ಲಿ ಇಲ್ಲದಿದ್ದ, ವ್ಯಾಪಾರಕ್ಕೆ ಬಳಕೆಯಲ್ಲಿ ಇಲ್ಲದಿದ್ದ ಮಾಧ್ಯಮಕ್ಕೆ ಆ ಬರವಣಿಗೆ ಅನ್ವಯಿಸಲ್ಲ, ಆ ಮಾಧ್ಯಮವನ್ನ ನಿರ್ದಿಷ್ಟವಾಗಿ ಹೆಸರಿಸಿದ್ದರೆ ಮಾತ್ರ ಅನ್ವಯ. 19ನೇ ಸೆಕ್ಷನ್ ಇನ್ನೂ ಉಪಯೋಗದ್ದು. ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ. ಬರೆಸಿಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನ ಬಳಸದೇ ಇದ್ದರೆ ಅದು ಬಿದ್ದುಹೋಗುತ್ತೆ, ಒಪ್ಪಂದದಲ್ಲಿ ಬೇರೆ ತರ ಬರೆದಿರದಿದ್ದರೆ. ನೋಡಿ, ಕಾಯಿದೆ ಕೊಡೋ ಒಂದೊಂದು ರಕ್ಷಣೆಗೂ ಹಿಂದೆ ಒಂದು 'ಬರೆಯದಿದ್ದರೆ' ಇದೆ. ನಮ್ಮ ನಾಲ್ಕನೇ ಪುಟದಲ್ಲಿ ಎಲ್ಲವನ್ನೂ ಬರೆದಿದ್ದರು. ವರ್ಷ ಇತ್ತು, ಜಗತ್ತು ಇತ್ತು. ಒಂದು ವರ್ಷದ ವಿಷಯ ಏನಿದೆ ಅಂತ ಇನ್ನೊಮ್ಮೆ ಓದಿದೆ. ಅದರ ಬಗ್ಗೆ ಮಾತ್ರ ಏನೂ ಇಲ್ಲ. ಹಾಗಂತ ನಾನು ವಕೀಲ ಅಲ್ಲ, ಮೆಕ್ಯಾನಿಕಲ್ ಎರಡನೇ ವರ್ಷ.

ಆ ಚಾನೆಲ್‌ನವರು ನಮ್ಮ ಸಿನಿಮಾನ ಇನ್ನೂ ಅಪ್‌ಲೋಡ್ ಮಾಡಿಲ್ಲ. ಸಹಿ ಹಾಕಿ ಮುಂದಿನ ಏಪ್ರಿಲಿಗೆ ಒಂದು ವರ್ಷ ಆಗುತ್ತೆ. ಅಲ್ಲೀವರೆಗೆ ಅವರಾಗೇ ಬಿಡುಗಡೆ ಮಾಡಿದ್ರೆ ಸಂತೋಷ, ಎಲ್ಲರೂ ನೋಡಬಹುದು. ಮಾಡದಿದ್ರೆ ನಮ್ಮ ಕ್ಯಾಮೆರಾಮನ್ನಿನ ಚಿಕ್ಕಪ್ಪ ವಕೀಲರು, ಅವರಿಗೆ ಆರೂ ಪುಟ ಪ್ರಿಂಟ್ ತೆಗೆದು ಕೊಡೋದು ಅಂತ ಆಗಿದೆ. ಮೊಬೈಲಲ್ಲಿ ಅವರು ಓದಲ್ಲವಂತೆ.

ಅಂದಹಾಗೆ, ಲಯನ್ಸ್‌ಗೇಟ್‌ನವರು 2016ರಲ್ಲಿ ಆ ಹಳೇ ಕಾಗದಗಳನ್ನ ಹೊರಗೆ ತೆಗೆದರು. ವೆಸ್ಟ್ರಾನ್ ವಿಡಿಯೊ ಅನ್ನೋ ಹೆಸರಲ್ಲೇ, ಆಸಕ್ತರಿಗಾಗಿ ಬ್ಲೂ-ರೇ ಡಿಸ್ಕ್‌ಗಳ ಸರಣಿ ಶುರುವಾಯ್ತು. ಮೊದಲಿಗೆ ಬಂದಿದ್ದರಲ್ಲಿ ಒಂದು 1986ರ 'ಚಾಪಿಂಗ್ ಮಾಲ್'. ಒಂದು ಶಾಪಿಂಗ್ ಮಾಲಿನ ಕಾವಲಿಗೆ ಮೂರು ರೋಬೋಟ್ ಇಟ್ಟಿರ್ತಾರೆ, ಸಿಡಿಲು ಬಡಿದು ಅವಕ್ಕೆ ತಲೆ ಕೆಡುತ್ತೆ, ರಾತ್ರಿ ಒಳಗೆ ಸಿಕ್ಕಿಹಾಕಿಕೊಂಡ ಹುಡುಗ ಹುಡುಗಿಯರನ್ನ ಅಟ್ಟಿಸಿಕೊಂಡು ಬರ್ತವೆ. ಮುಕ್ಕಾಲು ಗಂಟೆ ಮೇಲೆ ಅರ್ಧ ಗಂಟೆ, ಅಷ್ಟೇ. ರೊಬೊಟಿಕ್ಸ್ ಕ್ಲಬ್‌ನವರು ದಯವಿಟ್ಟು ನೋಡಿ.